ಕುದುರೆ ದಾರಿಯ ಅಳತೆ

ಪಟವರ್ಧನರ ಜಮಖಂಡಿ ಮತ್ತು ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ವಿಲೀನಗೊಂಡು ಅರಮನೆಯ ಲಾಯಗಳ ಕಾಲ ಮುಗಿದರೂ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಆಸುಪಾಸಿನ ಈ ಸೀಮೆಯಿಂದ ಕುದುರೆ ಮರೆಯಾಗಿಲ್ಲ. ಜಾತ್ರೆಗಳ ಗಾಡಿ ಶರ್ಯತ್ತಿನಲ್ಲಿ ಅದು ಡಾಂಬರು ರಸ್ತೆಯ ಮೇಲೆ ಓಡುತ್ತದೆ. ಹಂಗಾಮಿಗೆ ತಕ್ಕಂತೆ ಊರೂರು ಅಲೆಯುವ ಕುರಿಗಾರರ ಹಿಂಡಿನ ಜೊತೆ, ಗಂಟುಮೂಟೆಯನ್ನೂ ಆಗತಾನೆ ಹುಟ್ಟಿದ ಮರಿಗಳನ್ನೂ ಹೊತ್ತುಕೊಂಡು, ಹಳ್ಳದ ದಂಡೆ, ಗುಡ್ಡದ ಓರೆ, ಹೊಲದ ಒಡ್ಡು ಹಿಡಿದು ನಡೆಯುತ್ತದೆ. ಶರ್ಯತ್ತಿನ ರಸ್ತೆಯ ಉದ್ದವನ್ನು ಮೋಟರ್‌ಸೈಕಲ್ಲಿನ ಮೀಟರೂ ಸುಮಾರಾಗಿ ಹೇಳಬಲ್ಲದು. ಎರಡನೆಯ ಬಗೆಯ ದಾರಿಗೆ ಚಕ್ರ ಹತ್ತುವುದಿಲ್ಲವಾದ್ದರಿಂದ, ಅದನ್ನು ಉಪಗ್ರಹಗಳ ಸಂಕೇತದಿಂದ ಸ್ಥಾನ ತಿಳಿಸುವ ಜಿಪಿಎಸ್ ಮೂಲಕ ಅಳೆಯಬೇಕಾಗುತ್ತದೆ; ಈ ಅಳತೆ ಮೊಬೈಲಿನ ಗುಂಡಿ ಒತ್ತಿದಷ್ಟು ಸುಲಭವಲ್ಲ.

ಇಲ್ಲಿಯ ಹಳೆಯ ಭೂಮಾಪನವು ಹೊಲಕ್ಕಾಗಿ ಹುಟ್ಟಿತೇ ಹೊರತು ದಾರಿಗಾಗಿ ಅಲ್ಲ. ಮೋಜಣಿಯ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿಯನ್ನು ಜೋಡಿ ಚುಕ್ಕಿಗೆರೆಯಿಂದಲೂ ಕಾಲುದಾರಿಯನ್ನು ಒಂಟಿ ಚುಕ್ಕಿಗೆರೆಯಿಂದಲೂ ತೋರಿಸುತ್ತಾರೆ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ಈಗ ಅದೇ ನಕಾಶೆಗಳ ಮೇಲೆ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಆದರೆ ಆ ದಾರಿ ಎಷ್ಟು ದೂರ, ಎಲ್ಲಿ ಏರು, ಎಲ್ಲಿ ನೀರು, ಎರೆ ಮಣ್ಣು ಯಾವ ತಿಂಗಳಲ್ಲಿ ಗೊರಸನ್ನು ಹಿಡಿದುಕೊಳ್ಳುತ್ತದೆ ಎಂಬುದನ್ನು ಆ ಗೆರೆ ಹೇಳುವುದಿಲ್ಲ.

ದೂರದ ಲೆಕ್ಕ ತಪ್ಪಿದರೆ ನಷ್ಟ ಕುದುರೆಗೆ. ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆದುಬಂದಿರುವ ಟೆವಿಸ್ ಕಪ್ ಎಂಬ 100 ಮೈಲಿಯ ದೂರಸವಾರಿಯಲ್ಲಿ ಪಶುವೈದ್ಯರು ಅಲ್ಲಲ್ಲಿನ ತಂಗುದಾಣಗಳಲ್ಲಿ ಕುದುರೆಯ ನಾಡಿ ನೋಡಿಯೇ ಮುಂದಕ್ಕೆ ಬಿಡುತ್ತಾರೆ. ಸವಾರರು ತಮ್ಮ ವೇಗವನ್ನು ಆ ತಂಗುದಾಣಗಳ ನಡುವಿನ ದೂರ ನೋಡಿಕೊಂಡು ಇಟ್ಟುಕೊಳ್ಳುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಈ ಸೀಮೆಯ ಬೀಳಗಿ ಗುಡ್ಡಗಳಲ್ಲಿ ಮುಂದಿನ ನೀರು ನಾಲ್ಕು ಕಿಲೋಮೀಟರೆಂದು ನಂಬಿದ್ದು ಆರಾಗುವುದೂ ಅದೇ ಜಾತಿಯ ತೊಂದರೆ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಸಮಯದಿಂದ ಕೈಯಲ್ಲಿನ ಯಂತ್ರ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುವ ಪರಿಪಾಠವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯೂ ಇದ್ದು, ಅದರ ಸಂಚಾರ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಬಯಲಿನಲ್ಲಿ ಸಾಧಾರಣ ಮೊಬೈಲ್ ಐದು ಮೀಟರಿನ ಆಸುಪಾಸಿನಲ್ಲಿ ಜಾಗ ತಿಳಿಸುತ್ತದೆ.

ಹಾಗೆಂದು ದಾರಿಯ ಉದ್ದದಲ್ಲಿಯೂ ತಪ್ಪು ಐದೇ ಮೀಟರ್ ಎಂದು ತಿಳಿಯುವಂತಿಲ್ಲ. ಯಂತ್ರ ಗುರುತಿಸುವ ಬಿಂದುಗಳು ನಿಜವಾದ ದಾರಿಯ ಎಡಬಲಕ್ಕೆ ಅಲುಗುತ್ತವೆ, ಅವನ್ನು ಜೋಡಿಸಿದ ಗೆರೆ ಸೊಟ್ಟಾಗುತ್ತದೆ, ಸೊಟ್ಟ ಗೆರೆ ಉದ್ದವಾಗುತ್ತದೆ. ನಡಿಗೆಯಲ್ಲಿ ಗಂಟೆಗೆ ಆರು ಕಿಲೋಮೀಟರ್ ಸಾಗುವ ಕುದುರೆ ಸೆಕೆಂಡಿಗೆ ಕ್ರಮಿಸುವುದು 1.7 ಮೀಟರಿಗೂ ಕಡಿಮೆಯಾದ್ದರಿಂದ, ಸೆಕೆಂಡಿಗೊಂದು ಬಿಂದು ಹಿಡಿದರೆ ಕುದುರೆಯ ಚಲನೆಗಿಂತ ಯಂತ್ರದ ಅಲುಗಾಟವೇ ದೊಡ್ಡದು. ಅರ್ಧ ನಿಮಿಷಕ್ಕೊಂದು ಬಿಂದು ಹಿಡಿದರೆ ಎರಡು ಬಿಂದುಗಳ ನಡುವೆ 50 ಮೀಟರ್ ಅಂತರ ಬಿದ್ದು, ಗುಡ್ಡದ ತಿರುವುಗಳೆಲ್ಲ ಕತ್ತರಿಸಿಹೋಗಿ ದಾರಿ ಗಿಡ್ಡವಾಗುತ್ತದೆ. ಆದ್ದರಿಂದ ಐದರಿಂದ ಹತ್ತು ಮೀಟರಿಗೊಂದು ಬಿಂದು ಬರುವಂತೆ ಯಂತ್ರವನ್ನು ಹೊಂದಿಸಿ, ತಿರುವು ಹೆಚ್ಚಿರುವ ಕಡೆ ಇನ್ನಷ್ಟು ದಟ್ಟವಾಗಿ ಹಿಡಿಯುವುದು ರೂಢಿ. ನೀರು ಕುಡಿಸಲು ನಿಂತಾಗ ದಾಖಲೆಯನ್ನು ನಿಲ್ಲಿಸಲೇಬೇಕು, ಏಕೆಂದರೆ ಕುದುರೆ ಮರದಡಿ ಸುಮ್ಮನೆ ನಿಂತಿದ್ದರೂ ಯಂತ್ರ ತನ್ನಷ್ಟಕ್ಕೆ ಅಡ್ಡಾಡುತ್ತಲೇ ಇದ್ದು ಮೊತ್ತಕ್ಕೆ ಮೀಟರುಗಳನ್ನು ಸೇರಿಸುತ್ತದೆ. ಅದೇ ಏರಿಳಿತದಿಂದ ಬರುವ ವ್ಯತ್ಯಾಸ ಅಲ್ಪ: ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿಯೂ ಅದು ಅರ್ಧ ಮೀಟರ್ ಮಾತ್ರ. ಅದಕ್ಕಾಗಿ ತಲೆ ಕೆಡಿಸಿಕೊಳ್ಳುವವರು ನಿಂತಾಗಿನ ಅಲೆದಾಟವನ್ನು ಗಮನಿಸದೇ ಬಿಡುವುದು ಸೋಜಿಗ.

ಯಂತ್ರ ಎಲ್ಲಿರಬೇಕೆಂಬುದೂ ಮುಖ್ಯ. ಜೀನಿನ ಚೀಲದಲ್ಲಿಟ್ಟರೆ ಸವಾರನ ಮೈಯೇ ಆಕಾಶದ ಒಂದು ಪಾಲನ್ನು ಮುಚ್ಚುತ್ತದೆ. ಹೆಗಲಿನ ಮೇಲೆ ಕಟ್ಟುವುದು ಲೇಸು. ಮುಧೋಳ, ಜಮಖಂಡಿ ಭಾಗದಲ್ಲಿ ಬೆಳೆದು ನಿಂತ ಕಬ್ಬು ಸವಾರನ ತಲೆಯನ್ನೂ ಮೀರುವುದುಂಟು, ಹಸಿ ಎಲೆಗಳು ಸಂಕೇತವನ್ನು ಕುಗ್ಗಿಸುತ್ತವೆ. ಹೀಗಾಗಿ ಕಾರ್ಖಾನೆಗಳಿಗೆ ಕಬ್ಬು ಸಾಗಿ ಹೊಲ ಬಯಲಾದ ಮೇಲೆ ಅಳೆಯುವುದು ಜಾಣತನ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಎರಡು ಗೆರೆಗಳನ್ನು ಹೋಲಿಸಬೇಕು. ನಡುವೆ ಸಿಗುವ ಬಾಂದುಕಲ್ಲು, ಕಾಲುವೆ ಸೇತುವೆಯ ತುದಿ ಮುಂತಾದ ಸ್ಥಿರ ಗುರುತುಗಳ ಬಳಿ ಕೆಲವು ನಿಮಿಷ ನಿಂತು ಸರಾಸರಿ ಸ್ಥಾನ ತೆಗೆದುಕೊಂಡರೆ ಇಡೀ ಗೆರೆಯನ್ನು ಅವುಗಳಿಗೆ ಹೊಂದಿಸಿ ತಾಳೆ ನೋಡಬಹುದು. ರಬಕವಿ-ಬನಹಟ್ಟಿಯ ಸುತ್ತ ಪಕ್ಕಾ ರಸ್ತೆಗಳಿರುವಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ.

ಕಠಿಣವಾದದ್ದು ಎತ್ತರದ ಅಳತೆ, ಅದರಲ್ಲಿಯೂ ಆಲಮಟ್ಟಿ ಜಲಾಶಯದ ಹಿನ್ನೀರು ಹರಡಿರುವ ಬೀಳಗಿ ಸೀಮೆಯಲ್ಲಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಅದನ್ನು 524.256 ಮೀಟರಿಗೆ ಏರಿಸುವ ಉದ್ದೇಶವಿದೆ. ಆದರೆ ಜಿಪಿಎಸ್ ಮೂಲತಃ ಲೆಕ್ಕ ಹಾಕುವುದು ಸಮುದ್ರಮಟ್ಟದಿಂದಲ್ಲ, ಭೂಮಿಯ ಆಕಾರಕ್ಕೆ ಹೊಂದುವಂತೆ ಗಣಿತಜ್ಞರು ಕಲ್ಪಿಸಿದ ನುಣುಪಾದ ಅಂಡಾಕಾರದ ಮೇಲ್ಮೈಯಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟದ ಮೇಲ್ಮೈ ಆ ಕಲ್ಪಿತ ಮೇಲ್ಮೈಗಿಂತ ಹತ್ತಾರು ಮೀಟರ್ ಕೆಳಗಿರುವುದರಿಂದ, ತಿದ್ದುಪಡಿ ಮಾಡದ ಯಂತ್ರ ಎತ್ತರವನ್ನು ಅಷ್ಟೇ ಕಡಿಮೆ ತೋರಿಸುತ್ತದೆ, ಒಣಗಿ ನಿಂತ ಗುಡ್ಡದ ದಾರಿಯೂ ಕಾಗದದಲ್ಲಿ ನೀರಿನಡಿ ಸೇರಿಬಿಡುತ್ತದೆ. ಈ ವ್ಯತ್ಯಾಸವನ್ನು ಸರಿಪಡಿಸುವ ಕೋಷ್ಟಕಗಳು ತಂತ್ರಾಂಶಗಳಲ್ಲಿಯೇ ಇವೆ. ಸ್ಥಳದಲ್ಲಿಯೇ ಪರೀಕ್ಷಿಸಬೇಕೆಂದರೆ, ಒಳಹರಿವು ಕಡಿಮೆಯಿರುವ ದಿನ ಹಿನ್ನೀರಿನ ಅಂಚಿನಲ್ಲಿ ಯಂತ್ರ ತೋರಿಸುವ ಎತ್ತರವನ್ನು ಅಂದಿನ ಜಲಾಶಯ ಮಟ್ಟದೊಂದಿಗೆ ಹೋಲಿಸಬಹುದು. ಅಲುಗದ ನೀರಿನಷ್ಟು ನಂಬಿಗಸ್ತ ಮಟ್ಟಗೋಲು ಬೇರೊಂದಿಲ್ಲ. ಜಮಖಂಡಿಯ ಕಡೆ, ಹರಿಯುವ ನದಿ ಮತ್ತು ಬ್ಯಾರೇಜುಗಳಿರುವಲ್ಲಿ, ಈ ಉಪಾಯ ನಡೆಯದು.

ಅಳೆದ ಗೆರೆಯನ್ನು ಜಿಪಿಎಕ್ಸ್ ಎಂಬ ಕಡತವಾಗಿ ಉಳಿಸಿ, ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದಲ್ಲಿ ನಕ್ಷೆ ಮಾಡಬಹುದು. ನಕ್ಷೆಯಲ್ಲಿ ದಿನಾಂಕ ಇರಲೇಬೇಕು: ಮೇ ತಿಂಗಳಲ್ಲಿ ನೀರು ಇಳಿದಾಗ ತೆರೆದ ದಂಡೆಯ ದಾರಿ ಆಗಸ್ಟ್ ಕಳೆಯುವ ಹೊತ್ತಿಗೆ ಮುಳುಗಿರುತ್ತದೆ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಸುಮಾರು 96 ಚದರ ಕಿ.ಮೀ. ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಗಡಿಯನ್ನೂ ಗುರುತಿಸಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ದಾರಿ ಎಳೆಯದಿರಬೇಕು. ಕುರಿಗಾರರ ದಾರಿಯನ್ನು ದಾಖಲಿಸುವವರು ಮೊದಲು ಅವರ ಒಪ್ಪಿಗೆ ಪಡೆಯಬೇಕು. ರಾತ್ರಿ ಕುರಿ ತರುಬುವ ಹೊಲಗಳು ಯಾವುವೆಂಬುದು ಹೊಲದ ಒಡೆಯರಿಗೂ ಅವರಿಗೂ ನಡುವಿನ ಮಾತುಕತೆ. ಆ ಜಾಗಗಳನ್ನು ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಹಾಕಿದರೆ ಕುರಿಗಳ್ಳರಿಗೂ ಅವು ಕಾಣುತ್ತವೆ. ದಾರಿ, ನೀರು, ಕಾಲುವೆ ದಾಟುವ ಸೇತುವೆಗಳಿಷ್ಟನ್ನು ಪ್ರಕಟಿಸಿ, ಉಳಿದುದನ್ನು ಕುರಿಗಾರರ ಕೈಗೇ ಒಪ್ಪಿಸುವುದು ಸರಿಯಾದ ಕ್ರಮ.