ಕಡಲಪಾಚಿ ಮಾತ್ರೆ ನುಂಗುವ ಮೊದಲು

“ಅತ್ತಿಗೆ, ಇನ್ನು ನನಗೆ ಥೈರಾಯ್ಡ್ ಮಾತ್ರೆಯ ಕಾಟವಿಲ್ಲ. ಇದು ಸಮುದ್ರದ ಪಾಚಿಯದು, ಏನೂ ತೊಂದರೆ ಇಲ್ಲವಂತೆ!” ಎಂದು ನನ್ನ ನಾದಿನಿ ಕಳೆದ ವರ್ಷ ಒಂದು ಡಬ್ಬಿ ತೋರಿಸಿದಳು. ಅಮೆರಿಕದಿಂದ ಬಂದ ನೆಂಟರು ಕೊಟ್ಟದ್ದು. ಸೊಪ್ಪಿನ ಹಾಗೆ ತಾನೇ, ತಗೊಳ್ಳಲಿ ಬಿಡು ಅಂತ ನಾನೂ ಸುಮ್ಮನಾದೆ. ಎರಡು ತಿಂಗಳಲ್ಲಿ ಅವಳ ಮುಖ ಊದಿತು. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು, ಬೇಸಿಗೆಯಲ್ಲೂ ಚಳಿ. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು, “ಮಾತ್ರೆ ಯಾಕಮ್ಮಾ ನಿಲ್ಲಿಸಿದಿರಿ?” ಎಂದು ಗದರಿದರು.

ಸೋದರಿಯರೇ, ಪಾಚಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನಾರು, ಖನಿಜಗಳು, ಮುಖ್ಯವಾಗಿ ಅಯೋಡೀನ್ ಇವೆ. 1811ರಲ್ಲಿ ಫ್ರಾನ್ಸಿನ ಕೂರ್ಟ್ವಾ ಎಂಬಾತ ಅಯೋಡೀನನ್ನು ಮೊದಲು ಕಂಡದ್ದೇ ಕಡಲಪಾಚಿಯ ಬೂದಿಯಲ್ಲಿ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಈ ಅಯೋಡೀನಿನಿಂದಲೇ ತನ್ನ ರಸ ತಯಾರಿಸುತ್ತದೆ. ಅದು ಸಾಲದಿದ್ದರೆ ಗಳಗಂಡ ಬರುತ್ತದೆ.

ಆದರೆ ನಮಗೆ ಬೇಕಾದದ್ದು ಎಷ್ಟು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿ, ಬಾಣಂತಿಯರಿಗೆ 250. ಜಪಾನಿನವರು ಸಾರಿಗೆ ಹಾಕುವ ಕೊಂಬು ಎಂಬ ಪಾಚಿಯ ಒಂದೇ ಗ್ರಾಂನಲ್ಲಿ 2000 ಮೈಕ್ರೋಗ್ರಾಂ ಇರಬಹುದು! ಹೆಚ್ಚಾದರೂ ಗ್ರಂಥಿ ಮುನಿಸಿಕೊಳ್ಳುತ್ತದೆ. ಅಲ್ಲಿನ ಹೊಕ್ಕೈಡೋ ತೀರದಲ್ಲಿ ಕೊಂಬು ಅತಿಯಾಗಿ ತಿನ್ನುವವರಿಗೆ ಗಳಗಂಡ ಬಂದದ್ದನ್ನು 1960ರ ದಶಕದಲ್ಲೇ ವೈದ್ಯರು ಬರೆದಿದ್ದಾರೆ. ಕಡಿಮೆಯಾದರೂ ಅದೇ ರೋಗ, ಹೆಚ್ಚಾದರೂ ಅದೇ!

ಇನ್ನೊಂದು ಮಾತು. ಗ್ರಂಥಿಯೇ ಸೋತಿದ್ದರೆ ಅಯೋಡೀನ್ ಸುರಿದು ಫಲವಿಲ್ಲ. ಒಲೆಯೇ ಕೆಟ್ಟಿರುವಾಗ ಅಕ್ಕಿ ತಂದು ಸುರಿದರೆ ಅನ್ನವಾದೀತೇ? ಡಾಕ್ಟರು ಕೊಡುವ ಮಾತ್ರೆ ಆ ರಸವನ್ನೇ ಒದಗಿಸುತ್ತದೆ. ಪಾಚಿ ಅದರ ಬದಲಿಗೆ ಬಾರದು.

ಹಾಗಾದರೆ ಏನು ಮಾಡಬೇಕು?

ಅಡುಗೆಗೆ ಅಯೋಡೀನ್ ಸೇರಿದ ಉಪ್ಪು ಬಳಸಿ. ಬರೀ ಸೈಂಧವ ಲವಣ ಅಥವಾ ಅಯೋಡೀನ್ ಸೇರಿಸದ ಕಲ್ಲುಪ್ಪು ಬಳಸುವ ಮನೆಗಳಲ್ಲೇ ಕೊರತೆಯ ಭಯ ಹೆಚ್ಚು. ಉಪ್ಪಿನ ಭರಣಿಯನ್ನು ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರವಿಡಿ. ಹಾಲು, ಮೊಟ್ಟೆ, ಮೀನುಗಳಲ್ಲೂ ಅಯೋಡೀನ್ ಇದೆ.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ.

ಥೈರಾಯ್ಡ್ ಇರುವವರು, ಬಸುರಿಯರು, ಹಾಲೂಡಿಸುವವರು ಪಾಚಿಯ ಡಬ್ಬಿಯನ್ನೇ ಡಾಕ್ಟರ ಬಳಿ ಒಯ್ದು ತೋರಿಸಿ. ಅದರ ಮೇಲೆ ಅಯೋಡೀನ್ ಎಷ್ಟೆಂದು ಬರೆದಿಲ್ಲದಿದ್ದರೆ ಕೊಳ್ಳಲೇ ಬೇಡಿ.

ಪಾಚಿ ತಿನ್ನುವ ಆಸೆಯೇ? ಚೈನಾ ಗ್ರಾಸ್ ಕೂಡ ಕಡಲಪಾಚಿಯದೇ! ಅದರಲ್ಲಿರುವುದು ಮುಖ್ಯವಾಗಿ ನಾರು. ನೀರಿನಲ್ಲಿ ಕುದಿಸಿ ಕರಗಿಸಿ, ಬಿಸಿ ಹಾಲು, ಸಕ್ಕರೆ, ಏಲಕ್ಕಿ ಬೆರೆಸಿ ತಟ್ಟೆಗೆ ಸುರಿದರೆ ಫ್ರಿಜ್ ಇಲ್ಲದೆಯೂ ಹೆಪ್ಪುಗಟ್ಟುತ್ತದೆ.

ನನ್ನ ನಾದಿನಿ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಗೆಲುವಾಗಿದ್ದಾಳೆ. ಆ ಡಬ್ಬಿಯಲ್ಲಿ ಈಗ ಅವಳ ಗುಂಡಿ, ಸೂಜಿಗಳಿವೆ!