ಆಟದ ಕಾರಿನ ಓಟದಲ್ಲಿ ನ್ಯಾಯ

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ಸಂಘದ ವತಿಯಿಂದ ಬ್ಯಾಟರಿ ಕಾರುಗಳ ಓಟದ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದೆವು. ತಾವೇ ತಯಾರಿಸಿದ ಕಾರನ್ನಾಗಲಿ, ಮನೆಯಲ್ಲಿರುವ ಕಾರನ್ನಾಗಲಿ ತರಬಹುದೆಂದು ಸೂಚನಾ ಫಲಕದಲ್ಲಿ ಬರೆದೆವು. ಅನೇಕ ಮಕ್ಕಳು ಉತ್ಸಾಹದಿಂದ ಬಂದರು. ತಗಡಿನ ಡಬ್ಬ, ಹಳೆಯ ಟೇಪ್ ರೆಕಾರ್ಡರಿನ ಮೋಟಾರು, ಸವೆದ ಚಪ್ಪಲಿಯಿಂದ ಕತ್ತರಿಸಿದ ಚಕ್ರ ಇವುಗಳಿಂದ ವಾರಗಟ್ಟಲೆ ದುಡಿದು ಕಾರು ಮಾಡಿದವರೂ ಇದ್ದರು. ಗೆದ್ದುದು ಮಾತ್ರ ಗಲ್ಫಿನಿಂದ ಮಾವ ತಂದುಕೊಟ್ಟ ಕಾರು. ಮರುವರ್ಷ ಹೆಸರು ಕೊಟ್ಟವರು ನಾಲ್ವರೇ. ಕಾರಣ ಕೇಳಿದಾಗ ಎಂಟನೆಯ ತರಗತಿಯ ಹುಡುಗನೊಬ್ಬ ತಲೆ ತಗ್ಗಿಸಿ ಹೇಳಿದ: "ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತುಂಟಲ್ಲ ಸರ್, ಮತ್ತೆ ಓಡಿಸುವುದು ಯಾಕೆ?"

ಅವನ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಆ ಕಾರು ತಂದ ಮಗುವಿನದಲ್ಲ, ನಿಯಮ ಮಾಡಿದ ನಮ್ಮದು. ಇದೇ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ಹಲವು ಬಗೆಯ ಉತ್ತರಗಳನ್ನು ಕಂಡುಕೊಂಡವರು ಇಂಗ್ಲೆಂಡ್, ಅಮೆರಿಕಗಳ 'ಸ್ಲಾಟ್ ಕಾರ್' ಸಂಘಗಳವರು. ಅವರ ಅನುಭವವನ್ನು ಮಕ್ಕಳ ಮತ್ತು ರಕ್ಷಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ಲಾಟ್ ಕಾರ್ ಎಂದರೇನು?

ಸ್ಲಾಟ್ ಎಂದರೆ ಸೀಳು. ಅಂಗೈಯಲ್ಲಿ ಹಿಡಿಯಬಹುದಾದ ಈ ಕಾರಿನ ತಳದಲ್ಲಿ ನಾಲಗೆಯಂಥ ಒಂದು ಕಡ್ಡಿ ಇರುತ್ತದೆ. ಅದು ದಾರಿಯಲ್ಲಿ ಕೊರೆದಿರುವ ಸೀಳಿನೊಳಗೆ ಕೂತು ಕಾರನ್ನು ನಡೆಸುತ್ತದೆ. ಸೀಳಿನ ಎರಡು ಬದಿಗಳಲ್ಲಿಯೂ ಲೋಹದ ಪಟ್ಟಿಗಳಿವೆ. ಸಾಮಾನ್ಯವಾಗಿ 12 ವೋಲ್ಟಿನ ಆಸುಪಾಸಿನ ವಿದ್ಯುತ್ತು ಈ ಪಟ್ಟಿಗಳ ಮೂಲಕ ಕಾರಿನ ಪುಟ್ಟ ಮೋಟಾರಿಗೆ ಹರಿಯುತ್ತದೆ. ಆಟಗಾರನ ಕೈಯಲ್ಲಿರುವ ಗುಂಡಿಯನ್ನು ಹೆಚ್ಚು ಒತ್ತಿದರೆ ಹೆಚ್ಚು ವೇಗ, ಬಿಟ್ಟರೆ ನಿಲುಗಡೆ. ತಿರುವಿನಲ್ಲಿ ವೇಗ ಮಿತಿಮೀರಿದರೆ ಕಡ್ಡಿ ಸೀಳಿನಿಂದ ಹೊರಬಿದ್ದು ಕಾರು ಹಾರಿಹೋಗುತ್ತದೆ. ಎಲ್ಲಿ ವೇಗ ತಗ್ಗಿಸಬೇಕೆಂಬ ತಿಳಿವಳಿಕೆಯೇ ಈ ಆಟದ ಜಾಣ್ಮೆ.

ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬವರು 1952ರಲ್ಲಿ 'ಸ್ಕೇಲೆಕ್ಸ್' ಎಂಬ ಕೀಲಿ ಕೊಡುವ ತಗಡಿನ ಕಾರುಗಳನ್ನು ಮಾರುಕಟ್ಟೆಗೆ ತಂದರು. ಬಳಿಕ ಅವಕ್ಕೆ ವಿದ್ಯುತ್ ಮೋಟಾರು ಜೋಡಿಸಿ, 1957ರಲ್ಲಿ ಹ್ಯಾರೊಗೇಟ್ ನಗರದ ಆಟಿಕೆಗಳ ಮೇಳದಲ್ಲಿ 'ಸ್ಕೇಲೆಕ್ಸ್‌ಟ್ರಿಕ್' ಎಂಬ ಹೆಸರಿನಿಂದ ತೋರಿಸಿದರು. 1960ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟದ ಹುಚ್ಚೇ ಹಬ್ಬಿತು. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಕಾರು ಓಡಿಸುವ ಅಂಗಡಿಗಳು ಊರೂರಿನಲ್ಲಿ ತೆರೆದವು. ಆದರೆ ಆ ದಶಕ ಮುಗಿಯುವಷ್ಟರಲ್ಲಿ ಹೆಚ್ಚಿನವು ಬಾಗಿಲು ಮುಚ್ಚಿದವು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಆ ಆಟದವರೇ ಈಗಲೂ ಎತ್ತಿ ಹೇಳುತ್ತಾರೆ. ಮೋಟಾರಿನ ತಂತಿಯನ್ನು ಬಿಚ್ಚಿ ಹೊಸದಾಗಿ ಸುತ್ತಿಸುವುದು, ವಿಶೇಷ ಚಕ್ರ ತರಿಸುವುದು ಹೀಗೆ ಹಣ ಸುರಿದವರ ಕಾರು ಬಾಣದಂತೆ ಓಡತೊಡಗಿತು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಕಾರನ್ನು ಹಿಡಿದು ಬಂದ ಹುಡುಗ ಒಂದೆರಡು ಬಾರಿ ಸೋತು ಮನೆಗೆ ಹೋದವನು ಮರಳಿ ಬರಲಿಲ್ಲ.

ದಾರಿಯಲ್ಲಿರುವ ಅನ್ಯಾಯ

ನಮ್ಮ ಕ್ರೀಡೋತ್ಸವದ ದಿನ 400 ಮೀಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಎರಡನೆಯ ದಾರಿಯವನು ಮೊದಲನೆಯವನಿಗಿಂತ ಸುಮಾರು 7 ಮೀಟರ್ ಮುಂದೆ ನಿಲ್ಲುತ್ತಾನೆ. ಹೊರಗಿನ ದಾರಿಯ ಸುತ್ತಳತೆ ಹೆಚ್ಚಾದುದೇ ಇದಕ್ಕೆ ಕಾರಣ. ಸ್ಲಾಟ್ ಕಾರಿಗೂ ಇದೇ ಲೆಕ್ಕ. ನಾಲ್ಕು ಸೀಳುಗಳ ದಾರಿಯಲ್ಲಿ ಒಂದು ಸೀಳಿನಿಂದ ಮತ್ತೊಂದಕ್ಕೆ 8 ಸೆಂಟಿಮೀಟರ್ ಅಂತರವಿದ್ದರೆ, ಹೊರಗಿನ ಪ್ರತಿಯೊಂದು ಸೀಳೂ ಒಂದು ಸುತ್ತಿಗೆ ಸುಮಾರು 50 ಸೆಂಟಿಮೀಟರ್ ಹೆಚ್ಚು ಉದ್ದವಾಗುತ್ತದೆ. ಎರಡು ಪೈಯನ್ನು ಅಂತರದಿಂದ ಗುಣಿಸಿ ಮಕ್ಕಳು ಇದನ್ನು ಪರೀಕ್ಷಿಸಬಹುದು. ಮೊದಲನೆಯ ಸೀಳಿಗೂ ನಾಲ್ಕನೆಯ ಸೀಳಿಗೂ ಸುತ್ತೊಂದಕ್ಕೆ ಒಂದೂವರೆ ಮೀಟರ್ ವ್ಯತ್ಯಾಸ. 20 ಸುತ್ತಿಗೆ 30 ಮೀಟರ್!

ದಾರಿಯನ್ನು ಎಂಟರ ಅಂಕೆಯ ಆಕಾರದಲ್ಲಿ ಹಾಸಿದರೆ ಒಂದು ಬದಿಯಲ್ಲಿ ಒಳಗಿದ್ದ ಸೀಳು ಇನ್ನೊಂದು ಬದಿಯಲ್ಲಿ ಹೊರಗಾಗುವುದರಿಂದ ಉದ್ದ ಸರಿಸಮವಾಗುತ್ತದೆ. ಆದರೂ ತೊಂದರೆ ಪೂರ್ತಿ ತೀರುವುದಿಲ್ಲ. ಹೊರಗಿನ ಅಗಲ ತಿರುವಿನಲ್ಲಿ ವೇಗವಾಗಿ ಹೋಗಬಹುದು, ಒಳಗಿನ ಬಿಗಿ ತಿರುವಿನಲ್ಲಿ ಹೋಗಲಾಗದು. ಆದುದರಿಂದ ಸಂಘಗಳು ಕಂಡುಕೊಂಡ ಉಪಾಯ ಬಲು ಸರಳವಾದುದು. ಪ್ರತಿಯೊಬ್ಬನೂ ಪ್ರತಿಯೊಂದು ಸೀಳಿನಲ್ಲಿಯೂ ಸಮಾನ ಹೊತ್ತು ಓಡಿಸಬೇಕು. ಕೆಂಪು ಸೀಳಿನಲ್ಲಿ 21 ಸುತ್ತು, ಬಿಳಿಯದರಲ್ಲಿ 23, ನೀಲಿಯದರಲ್ಲಿ 22, ಹಳದಿಯದರಲ್ಲಿ 20 ಎಂದಾದರೆ ಅವನ ಗಳಿಕೆ ಒಟ್ಟು 86 ಸುತ್ತು. ಎಲ್ಲರ ಪಾಲಿಗೂ ಒಳ್ಳೆಯ ದಾರಿ ಒಂದು ಸಲ, ಕೆಟ್ಟ ದಾರಿ ಒಂದು ಸಲ.

ಈ ಕ್ರಮದ ಇನ್ನೊಂದು ಗುಣವನ್ನು ಗಮನಿಸಬೇಕು. ಎಂಟು ಮಂದಿ, ನಾಲ್ಕು ಸೀಳು, ಸರದಿಗೆ 3 ನಿಮಿಷ ಎಂದಿಟ್ಟುಕೊಳ್ಳೋಣ. ಎಂಟು ಸರದಿಗಳಲ್ಲಿ, ಅಂದರೆ 24 ನಿಮಿಷಗಳ ಓಟದಲ್ಲಿ, ಪ್ರತಿಯೊಬ್ಬನಿಗೂ 12 ನಿಮಿಷ ಆಡಲು ಸಿಗುತ್ತದೆ. ಸೋತವನು ಹೊರಗೆ ಎಂಬ ಪದ್ಧತಿಯಲ್ಲಾದರೆ ಮೊದಲ ಸುತ್ತಿನಲ್ಲಿ ಬಿದ್ದ ನಾಲ್ವರಿಗೆ 3 ನಿಮಿಷಕ್ಕೇ ಆಟ ಮುಗಿಯುತ್ತದೆ. ಅಭ್ಯಾಸ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ! ಓಡಿಸದ ನಾಲ್ವರು ತಿರುವುಗಳಲ್ಲಿ ನಿಂತು ಹಾರಿಬಿದ್ದ ಕಾರುಗಳನ್ನು ಎತ್ತಿ ಸೀಳಿಗಿಡಬೇಕು. ಎದುರಾಳಿಯ ಕಾರನ್ನೂ ತನ್ನದರಂತೆಯೇ ಬೇಗನೆ ಎತ್ತಿಡುವುದು ಅಲ್ಲಿಯ ಮೊದಲ ಮರ್ಯಾದೆ.

ಕಾರಿನಲ್ಲಿರುವ ಅನ್ಯಾಯ

ದಾರಿ ಸರಿಯಾದರೂ ಕಾರು ಉಳಿಯುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಕಟ್ಟುಪಾಡು. ಇಂಥದೇ ಮೋಟಾರು, ಇಂಥದೇ ಚಕ್ರ, ಇಷ್ಟೇ ತೂಕ ಎಂದು ಬರೆದಿಡುವುದು. ಕೆಲವು ಕಾರುಗಳ ತಳದಲ್ಲಿ ಅಯಸ್ಕಾಂತವಿದ್ದು, ಅದು ದಾರಿಯ ಕಬ್ಬಿಣದ ಪಟ್ಟಿಯನ್ನು ಸೆಳೆದು ತಿರುವಿನಲ್ಲಿ ಕಾರನ್ನು ಹಿಡಿದಿಡುತ್ತದೆ. ಅನೇಕ ಸಂಘಗಳು ಅದನ್ನು ತೆಗೆಸಿಬಿಡುತ್ತವೆ. ಆಗ ವೇಗ ತಗ್ಗಿದರೂ ಕೈಯ ಹದಕ್ಕೆ ಬೆಲೆ ಬರುತ್ತದೆ. ಆದರೆ ನಿಯಮ ಹೆಚ್ಚಿದಷ್ಟೂ ತಪಾಸಣೆ ಹೆಚ್ಚು, ತಪಾಸಣೆ ಹೆಚ್ಚಿದಷ್ಟೂ ಜಗಳ ಹೆಚ್ಚು.

ಎರಡನೆಯದು ಬೆಲೆಯ ಬೇಲಿ. ಅಮೆರಿಕದ ಕೆಲವು ಸಣ್ಣ ಮಣ್ಣಿನ ಓಟದಂಗಳಗಳಲ್ಲಿ ನಿಜವಾದ ಕಾರುಗಳಿಗೆ ಹೀಗೊಂದು ನಿಯಮವಿದೆ: ಗೆದ್ದವನ ಎಂಜಿನನ್ನು ಸೋತವನು ಮೊದಲೇ ಗೊತ್ತುಪಡಿಸಿದ ಅಗ್ಗದ ಬೆಲೆಗೆ ಕೇಳಬಹುದು, ಕೇಳಿದರೆ ಕೊಡಲೇಬೇಕು. ಹೀಗಿರುವಾಗ ಆ ಬೆಲೆಗಿಂತ ಹೆಚ್ಚು ಹಣ ಸುರಿಯಲು ಯಾರಿಗೆ ಮನಸ್ಸಾದೀತು? ತಪಾಸಣೆಯ ಕೆಲಸವನ್ನು ಈ ನಿಯಮ ತಾನೇ ಮಾಡುತ್ತದೆ. ಆದರೆ ಚಿಕ್ಕ ಮಕ್ಕಳು ಪ್ರೀತಿಯಿಂದ ಮಾಡಿದ ವಸ್ತುವನ್ನು ಹೀಗೆ ಕೈಬಿಡುವಂತೆ ಮಾಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಮೂರನೆಯದು ಸಂಘದ ಕಾರು. ಒಂದೇ ಬಗೆಯ ನಾಲ್ಕು ಕಾರುಗಳನ್ನು ಸಂಘವೇ ಕೊಳ್ಳುತ್ತದೆ. ಕೆಂಪು ಸೀಳಿಗೆ ಒಂದು, ಬಿಳಿಗೆ ಒಂದು ಹೀಗೆ. ಕಾರು ತನ್ನ ಸೀಳನ್ನು ಬಿಡುವುದಿಲ್ಲ, ಆಟಗಾರರು ಮಾತ್ರ ಬದಲಾಗುತ್ತಾರೆ. ಒಂದು ಕಾರು ತುಸು ನಿಧಾನವಾಗಿದ್ದರೂ ಅದು ಎಲ್ಲರಿಗೂ ಒಂದೊಂದು ಸರದಿ ಬರುವುದರಿಂದ ಅನ್ಯಾಯವಾಗುವುದಿಲ್ಲ. ದೊಡ್ಡವರೂ ಒಮ್ಮೆ ಇದೇ ತತ್ತ್ವವನ್ನು ಅನುಸರಿಸಿದ್ದುಂಟು. 1973ರ ಅಕ್ಟೋಬರದಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನಲ್ಲಿ 'ಇಂಟರ್‌ನ್ಯಾಷನಲ್ ರೇಸ್ ಆಫ್ ಚಾಂಪಿಯನ್ಸ್' ಆರಂಭವಾದಾಗ, ಬೇರೆ ಬೇರೆ ಬಗೆಯ ಓಟಗಳ 12 ಮಂದಿ ಖ್ಯಾತ ಚಾಲಕರಿಗೆ ಒಂದೇ ತೆರನ ಪೋರ್ಷೆ ಕಾರುಗಳನ್ನು ಕೊಡಲಾಯಿತು. ಮಾರ್ಕ್ ಡೊನೊಹ್ಯೂ ಆ ಸರಣಿಯನ್ನು ಗೆದ್ದರು. ಅವರ ಗೆಲುವು ಕಾರಿನದೆಂದು ಹೇಳಲು ಯಾರಿಗೂ ಎಡೆಯಿರಲಿಲ್ಲ.

ಖರ್ಚಿನ ಲೆಕ್ಕವನ್ನೂ ನೋಡೋಣ. ಕಾರೊಂದಕ್ಕೆ 2000 ರೂಪಾಯಿ ಎಂದಾದರೆ ಎಂಟು ಮಂದಿ ಪ್ರತ್ಯೇಕವಾಗಿ ಕೊಳ್ಳಲು 16000 ಬೇಕು. ಸಂಘದ ನಾಲ್ಕು ಕಾರಿಗೆ 8000, ತಲೆಗೆ 1000. ಸದಸ್ಯರು ಹದಿನಾರಾದರೆ ತಲೆಗೆ 500 ಮಾತ್ರ. ಜನ ಹೆಚ್ಚಿದಷ್ಟೂ ಭಾರ ಕಡಿಮೆ. ಆದುದರಿಂದ ಹೊಸಬರು ಬಂದರೆ ಎಲ್ಲರಿಗೂ ಸಂತೋಷ.

ಇದರಲ್ಲಿ ಒಂದು ಕೊರತೆಯೂ ಉಂಟು. ತನ್ನದಲ್ಲದ ಕಾರನ್ನು ಬಿಚ್ಚಿ, ಕಟ್ಟಿ, ಸುಧಾರಿಸುವ ವಿದ್ಯೆ ಯಾರಿಗೂ ಬರುವುದಿಲ್ಲ. ಎಲ್ಲರೂ ಕೂಡಿ ದುರಸ್ತಿ ಮಾಡುವ ಒಂದು ದಿನವನ್ನು ಇಟ್ಟುಕೊಳ್ಳುವುದರಿಂದ ಈ ಕೊರತೆಯನ್ನು ತುಂಬಬಹುದು.

ನಮ್ಮ ಹಿರಿಯರಿಗೂ ಗೊತ್ತಿತ್ತು

ಇದೆಲ್ಲ ಹೊರನಾಡಿನ ಮಾತೆಂದು ಭಾವಿಸಬೇಕಾಗಿಲ್ಲ. ನಮ್ಮ ಕಂಬಳದ ಗದ್ದೆಯಲ್ಲಿ ಎಲ್ಲ ಕೋಣಗಳನ್ನೂ ಒಟ್ಟಿಗೆ ಓಡಿಸುವುದಿಲ್ಲ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ನೇಗಿಲಿನಲ್ಲಿಯೂ ಹಗ್ಗದಲ್ಲಿಯೂ ಮತ್ತೆ ಹಿರಿಯ, ಕಿರಿಯ ಎಂಬ ಭೇದವಿದೆ. ಕನೆ ಹಲಗೆಯಲ್ಲಂತೂ ಓಟದ ವೇಗವಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದೇ ಲೆಕ್ಕ. ಎಳೆಯ ಕೋಣವನ್ನು ಪಳಗಿದ ಕೋಣದೊಡನೆ ಓಡಿಸಿದರೆ ನೋಡುವವರಿಗೂ ರುಚಿಯಿಲ್ಲ, ಓಡುವುದಕ್ಕೂ ನ್ಯಾಯವಿಲ್ಲ.

ಈ ವರ್ಷ ನಾವೇನು ಮಾಡಿದೆವು?

ಸ್ಲಾಟ್ ಕಾರಿನ ದಾರಿಯನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಅದರ ನಿಯಮಗಳನ್ನು ಮಾತ್ರ ಎರವಲು ಪಡೆದೆವು. ಒಂದೇ ಬಗೆಯ ನಾಲ್ಕು ಸಣ್ಣ ಮೋಟಾರುಗಳನ್ನು ತರಿಸಿ, ಮಕ್ಕಳೇ ಕೂಡಿ ನಾಲ್ಕು ಕಾರುಗಳನ್ನು ಕಟ್ಟಿದರು. ಜಗಲಿಯಲ್ಲಿ ಸೀಮೆಸುಣ್ಣದಿಂದ ನಾಲ್ಕು ದಾರಿ ಎಳೆದು ಅಂಚಿಗೆ ಅಡಿಕೆ ಸಲಾಕೆಗಳನ್ನು ಇಟ್ಟೆವು. ಕಾರುಗಳು ವಿಜ್ಞಾನ ಕೊಠಡಿಯ ಕಪಾಟಿನಲ್ಲಿರುತ್ತವೆ, ಯಾರ ಮನೆಗೂ ಹೋಗುವುದಿಲ್ಲ. ಎಲ್ಲರಿಗೂ ನಾಲ್ಕು ದಾರಿ, ನಾಲ್ಕು ಕಾರು, ನಾಲ್ಕು ಸರದಿ.

ಅಂದು ಪ್ರಶ್ನೆ ಕೇಳಿದ ಹುಡುಗ ಈ ಬಾರಿ ಹೆಸರು ಕೊಟ್ಟ. ಅವನು ಗೆಲ್ಲಲಿಲ್ಲ, ಐದನೆಯವನಾದ. ಆದರೆ ಓಟ ಮುಗಿದ ಮೇಲೆ ಹಳದಿ ದಾರಿಯ ಕಾರಿನ ಹಿಂದಿನ ಚಕ್ರ ಉಜ್ಜುತ್ತಿದೆಯೆಂದು ತೋರಿಸಿ, ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಬಂದು ಅದನ್ನು ಸರಿಪಡಿಸಿದ.

ರಕ್ಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳಿಗೆ ಬೆಲೆಬಾಳುವ ಆಟಿಕೆ ಕೊಡಿಸುವುದು ನಿಮ್ಮ ಇಷ್ಟ. ಅದನ್ನು ಅವರು ಮನೆಯಲ್ಲಿ ಸಂತೋಷವಾಗಿ ಆಡಲಿ. ಶಾಲೆಯ ಓಟಕ್ಕೆ ಮಾತ್ರ ಅವರನ್ನು ಬರಿಗೈಯಲ್ಲಿ ಕಳುಹಿಸಿರಿ.