ಊಹೆಗೆ ಜಾಗ ಬಿಡದ ಬರಹ
ಷೇರು ವಾಚ್‌ಲಿಸ್ಟ್ ಈಗ ಎಐ ಏಜೆಂಟ್ ಕೈಗೆ; ಅದಕ್ಕೆ ಕೈಪಿಡಿ ಬರೆಯುವ ಹೊಸ ಕಸುಬು

‘ನನ್ನ ವಾಚ್‌ಲಿಸ್ಟ್‌ಗೆ ಇನ್ಫೊಸಿಸ್ ಸೇರಿಸು.’ ಎಐ ಏಜೆಂಟ್‌ಗೆ ಹೇಳಬಹುದಾದ ಕೆಲಸಗಳಲ್ಲಿ, ಕಣ್ಣಿಡಬೇಕಾದ ಷೇರುಗಳ ಪಟ್ಟಿಗೆ ಒಂದು ಹೆಸರು ಸೇರಿಸುವುದಕ್ಕಿಂತ ಸಲೀಸಾದದ್ದು ಇರಲಾರದು. ಆದರೆ ಇನ್ಫೊಸಿಸ್ ಷೇರಿನ ಐಎನ್‌ಎಫ್‌ವೈ ಎಂಬ ಸಂಕೇತ ಮುಂಬೈನ ಎನ್‌ಎಸ್‌ಇಯಲ್ಲೂ ಇದೆ, ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲೂ ಇದೆ. ಇಲ್ಲಿ ಬೆಲೆ ರೂಪಾಯಿಯಲ್ಲಿ, ಅಲ್ಲಿ ಡಾಲರಿನಲ್ಲಿ. ಇಲ್ಲಿ ಮಧ್ಯಾಹ್ನ 3.30ರ ಹೊತ್ತಿಗೆ ವಹಿವಾಟು ಮುಗಿದರೆ, ಅಲ್ಲಿ ನಮ್ಮ ಗಡಿಯಾರದ ಸಂಜೆ ಏಳಕ್ಕೋ ಎಂಟಕ್ಕೋ ಶುರು. ಬೆಂಗಳೂರಿನ ಗ್ರಾಹಕ ಕೇಳಿದ್ದು ಯಾವುದನ್ನು ಎಂದು ಬ್ರೋಕರ್ ಕಚೇರಿಯ ಹೊಸ ಹುಡುಗನಿಗೂ ಬಿಡಿಸಿ ಹೇಳಬೇಕಿಲ್ಲ. ಏಜೆಂಟ್‌ಗೆ ಹೇಳಬೇಕು. ಹೇಳಲು ಇರುವ ಜಾಗ, ಪಟ್ಟಿಗೆ ಷೇರು ಸೇರಿಸಲು ಏಜೆಂಟ್ ಬಳಸುವ ಟೂಲ್‌ನ ಜೊತೆ ಬರೆದಿಟ್ಟ ನಾಲ್ಕು ಸಾಲಿನ ವಿವರಣೆ.

ಏಜೆಂಟ್‌ಗಳ ಹಿಂದಿರುವ ಭಾಷಾ ಮಾದರಿಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸಲೆಂದು ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮುಕ್ತ ಮಾನದಂಡ ಹೊರತಂದಿತು. ಎಂಸಿಪಿ ಎನ್ನುವುದು ಇದನ್ನೇ. ಟೂಲ್‌ಗಳನ್ನು ಒದಗಿಸುವ ಸರ್ವರ್ ತನ್ನಲ್ಲಿರುವ ಟೂಲ್‌ಗಳ ಪಟ್ಟಿ ಕೊಡುತ್ತದೆ: ಪ್ರತಿಯೊಂದರ ಹೆಸರು, ವಿವರಣೆ, ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ನಿಯಮ. ಏಜೆಂಟ್ ಅದನ್ನು ಓದಿ, ಯಾವುದನ್ನು ಯಾವಾಗ ಕರೆಯಬೇಕೆಂದು ತಾನೇ ತೀರ್ಮಾನಿಸುತ್ತದೆ. ವಿವರಣೆಯಲ್ಲಿ ಬಿಟ್ಟುಹೋದದ್ದನ್ನು ಅದು ಊಹಿಸಿಕೊಳ್ಳುತ್ತದೆ. ಊಹಿಸಿದೆ ಎಂದು ಬಾಯಿಬಿಡುವುದು ಕಡಿಮೆ.

ಹೆಸರಿನ ಗೋಜಲು

ಎಡವುವುದು ಮೊದಲು ಹೆಸರಿನಲ್ಲೇ. ಮಂಗಳೂರಿನ ಕರ್ಣಾಟಕ ಬ್ಯಾಂಕಿನ ಎನ್‌ಎಸ್‌ಇ ಸಂಕೇತ ಕೆಟಿಕೆಬ್ಯಾಂಕ್. ಕೋಟಕ್ ಮಹೀಂದ್ರದ್ದು ಕೋಟಕ್‌ಬ್ಯಾಂಕ್. ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಒಂದನ್ನೊಂದು ಹೋಲುವಂಥವು. ಇಂಥ ಕಡೆ ಮನುಷ್ಯರೂ ಮೋಸಹೋಗಿದ್ದಾರೆ. 2020ರ ಮಾರ್ಚ್‌ನಲ್ಲಿ ವಿಡಿಯೊ ಕರೆಯ ಜೂಮ್ ಎಂದುಕೊಂಡು ಜನ ಜೂಮ್ ಟೆಕ್ನಾಲಜೀಸ್ ಎಂಬ ಬೇರೊಂದು ಕಂಪನಿಯ ಷೇರಿಗೆ ಮುಗಿಬಿದ್ದರು. ಕೊನೆಗೆ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಆ ಷೇರಿನ ವಹಿವಾಟನ್ನೇ ಕೆಲಕಾಲ ತಡೆಹಿಡಿಯಿತು.

ಸಂಕೇತಗಳು ಬದಲಾಗುತ್ತಲೂ ಇರುತ್ತವೆ. 2025ರಲ್ಲಿ ಝೊಮ್ಯಾಟೊ ಕಂಪನಿ ‘ಎಟರ್ನಲ್’ ಆಯಿತು, ಷೇರುಪೇಟೆಯ ಸಂಕೇತವೂ ಬದಲಾಯಿತು. ಭಾಷಾ ಮಾದರಿಯ ತರಬೇತಿ ಒಂದು ದಿನಾಂಕಕ್ಕೆ ನಿಂತಿರುತ್ತದೆ. ಅದರ ನೆನಪಿನಲ್ಲಿ ಹಳೆಯ ಹೆಸರೇ ಗಟ್ಟಿ. ಆದ್ದರಿಂದ ಒಳ್ಳೆಯ ಕೈಪಿಡಿ ‘ಸಂಕೇತವನ್ನು ನೆನಪಿನಿಂದ ಬರೆಯಬೇಡ, ಮೊದಲು ಹುಡುಕುವ ಟೂಲ್ ಬಳಸು’ ಎಂದು ಆರಂಭದಲ್ಲೇ ತಾಕೀತು ಮಾಡುತ್ತದೆ. ಷೇರನ್ನು ಗುರುತಿಸುವ, ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಐಎನ್ ಸಂಖ್ಯೆಯನ್ನೂ ಜೊತೆಗೆ ಕೇಳಿದರೆ ಇನ್ನೂ ಭದ್ರ.

ಎರಡು ವಿವರಣೆ

ಸಾಮಾನ್ಯವಾಗಿ ಕಾಣುವ ವಿವರಣೆ ಹೀಗಿರುತ್ತದೆ: ‘ಬಳಕೆದಾರರ ವಾಚ್‌ಲಿಸ್ಟ್ ಅನ್ನು ನಿರ್ವಹಿಸುತ್ತದೆ.’ ನಿರ್ವಹಣೆ ಎಂದರೆ ಸೇರಿಸುವುದೋ, ಅಳಿಸುವುದೋ, ಬರೀ ತೋರಿಸುವುದೋ?

ಇದನ್ನೇ ಹೀಗೆ ಬರೆಯಬಹುದು: ‘ಹೆಸರಿಸಿದ ವಾಚ್‌ಲಿಸ್ಟ್‌ಗೆ ಒಂದು ಷೇರು ಸೇರಿಸುತ್ತದೆ. ವಿನಿಮಯ ಕೇಂದ್ರ ಮತ್ತು ಸಂಕೇತ ಎರಡೂ ಕಡ್ಡಾಯ. ಷೇರು ಮೊದಲೇ ಇದ್ದರೆ ಪಟ್ಟಿ ಹಾಗೆಯೇ ಉಳಿಯುತ್ತದೆ. ಇದು ಖರೀದಿ ಮಾಡುವುದಿಲ್ಲ. ಬಳಕೆದಾರರು “ಕೊಂಡುಕೋ” ಎಂದಾಗ ಇದನ್ನು ಬಳಸಬೇಡ.’ ಕೊನೆಯ ಎರಡು ವಾಕ್ಯ ಹಳೆಯ ಕೈಪಿಡಿಗಳಲ್ಲಿ ಕಾಣುತ್ತಿರಲಿಲ್ಲ. ವಾಚ್‌ಲಿಸ್ಟ್‌ಗೆ ಹಾಕಿದರೆ ಷೇರು ಕೊಂಡಂತಲ್ಲ ಎಂದು ಯಾರಿಗೆ ಗೊತ್ತಿಲ್ಲ? ಅಂಥ ಗೊತ್ತಿರುವ ಸಂಗತಿಗಳನ್ನೇ ಈಗ ಬರೆಯಬೇಕು.

ಬೆಲೆಯ ವಿಷಯದಲ್ಲೂ ಅಷ್ಟೆ. ಶನಿವಾರ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವುದು ಶುಕ್ರವಾರದ ಮುಕ್ತಾಯದ ಬೆಲೆ. ‘ಈಗಿನ ಬೆಲೆ’ ಎಂಬ ಹೆಸರಿನಡಿ ಬರೀ ಅಂಕಿ ಕಳಿಸಿದರೆ ಏಜೆಂಟ್ ಅದನ್ನು ಈ ಕ್ಷಣದ್ದೆಂದೇ ಹೇಳಿಬಿಡುತ್ತದೆ. ಕರೆನ್ಸಿ, ದಿನಾಂಕ, ಸಮಯ, ಪೇಟೆ ತೆರೆದಿದೆಯೋ ಮುಚ್ಚಿದೆಯೋ, ಇಷ್ಟೂ ಉತ್ತರದ ಜೊತೆಗೇ ಹೋಗಬೇಕು.

ದೋಷದ ಸಂದೇಶವೂ ಕೈಪಿಡಿಯೇ. ‘ದೋಷ 400’ ಎಂದಷ್ಟೇ ಬಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾ ಕೂರುತ್ತದೆ. ‘ಈ ಸಂಕೇತ ಚಾಲ್ತಿಯಲ್ಲಿಲ್ಲ, ಹೊಸದು ಎಟರ್ನಲ್’ ಎಂದರೆ ಮುಂದಿನ ಹೆಜ್ಜೆ ತಾನಾಗಿ ಸರಿಹೋಗುತ್ತದೆ.

ನೋಡುವುದು ಬೇರೆ, ಮಾಡುವುದು ಬೇರೆ

ಬೆಂಗಳೂರಿನ ಬ್ರೋಕರ್ ಕಂಪನಿ ಝೆರೋಧಾ 2025ರಲ್ಲಿ ತನ್ನ ಕೈಟ್ ವೇದಿಕೆಗೆ ಎಂಸಿಪಿ ಸೌಲಭ್ಯ ತಂದಾಗ, ತಾನೇ ನಡೆಸುವ ಸರ್ವರ್‌ನಲ್ಲಿ ಆರ್ಡರ್ ಹಾಕುವ ಅವಕಾಶ ಇಡಲಿಲ್ಲ. ಹೂಡಿಕೆ ನೋಡಬಹುದಿತ್ತು, ವಿಶ್ಲೇಷಣೆ ಮಾಡಿಸಬಹುದಿತ್ತು, ಅಷ್ಟೆ. ಕಂಪ್ಯೂಟರ್ ಪ್ರೋಗ್ರಾಂ ತಾನಾಗಿ ಆರ್ಡರ್ ಹಾಕುವ ‘ಆಲ್ಗೊ’ ವಹಿವಾಟನ್ನು ಸಣ್ಣ ಹೂಡಿಕೆದಾರರು ನಡೆಸಲು ಷೇರುಪೇಟೆ ನಿಯಂತ್ರಕ ಸೆಬಿ ಚೌಕಟ್ಟು ಹಾಕಿದ್ದೂ ಅದೇ ವರ್ಷದ ಫೆಬ್ರುವರಿಯಲ್ಲಿ. ಯಾವ ಟೂಲ್ ಓದಲು ಮಾತ್ರ, ಯಾವುದು ಬದಲಾಯಿಸುತ್ತದೆ ಎಂದು ಗುರುತು ಹಾಕಲು ಎಂಸಿಪಿಯಲ್ಲೇ ವ್ಯವಸ್ಥೆ ಇದೆ. ಆದರೆ ಅದು ಬರೀ ಸೂಚನೆ. ಅಳಿಸಬಾರದೆಂದಿದ್ದರೆ ಆ ಅನುಮತಿಯನ್ನೇ ಕೊಡದಿರುವುದು ಕ್ಷೇಮ. ವಾಚ್‌ಲಿಸ್ಟ್‌ನ ಟಿಪ್ಪಣಿಯಲ್ಲೋ ಸುದ್ದಿಯಲ್ಲೋ ಯಾರಾದರೂ ‘ಎಲ್ಲವನ್ನೂ ಮಾರಿಬಿಡು’ ಎಂದು ತುರುಕಿದ್ದರೆ ಏಜೆಂಟ್ ಅದನ್ನೂ ಅಪ್ಪಣೆ ಎಂದುಕೊಳ್ಳಬಹುದು. ಅಂಥ ಅಪಾಯವನ್ನು ಎಷ್ಟು ಒಳ್ಳೆಯ ವಿವರಣೆಯೂ ಪೂರ್ತಿ ತಡೆಯಲಾರದು.

ಹೀಗಾಗಿ ಕೈಪಿಡಿ ಬರೆಯುವವರು ಉತ್ಪನ್ನ ಸಿದ್ಧವಾದ ಮೇಲೆ ಬಂದು ಕೂರುವ ಕಾಲ ಹೋಯಿತು. ವಿವರಣೆಯ ಒಂದು ವಾಕ್ಯ ತಿದ್ದಿದರೆ ಏಜೆಂಟ್‌ನ ನಡವಳಿಕೆಯೇ ಬದಲಾಗಬಹುದು. ಆದ್ದರಿಂದ ಕೋಡ್‌ನಂತೆ ಅದನ್ನೂ ಪರೀಕ್ಷಿಸಿಯೇ ಬಿಡುಗಡೆ ಮಾಡಬೇಕು. ಎರಡು ಪೇಟೆಗಳಲ್ಲಿರುವ ಷೇರು, ಹೆಸರು ಬದಲಿಸಿದ ಕಂಪನಿ, ರಜಾದಿನದ ಬೆಲೆ: ಇಂಥ ಪ್ರಶ್ನೆಗಳ ಪಟ್ಟಿಯೊಂದು ಮೇಜಿನ ಮೇಲಿರಲಿ. ಉತ್ತರ ತಪ್ಪಿದಲ್ಲಿ ವಾಕ್ಯ ತಿದ್ದಿ, ಪಟ್ಟಿಯ ಎಲ್ಲ ಪ್ರಶ್ನೆಗಳನ್ನೂ ಮತ್ತೊಮ್ಮೆ ಕೇಳಬೇಕು. ಒಂದನ್ನು ಸರಿಪಡಿಸಿದ ವಾಕ್ಯ ಇನ್ನೊಂದನ್ನು ಕೆಡಿಸಿರಬಹುದು.